ಹೊನವಾಡದ ಅತಿ ದೊಡ್ಡ ಒಣದ್ರಾಕ್ಷಿ

ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಒಣಗಿದ್ದೆಲ್ಲವೂ ಒಣದ್ರಾಕ್ಷಿಯೇ ಎಂಬುದು ಟಿಕೋಟಾ ತಾಲೂಕಿನ ಮಟ್ಟಿಗೆ ಈಗ ಇತ್ಯರ್ಥವಾದ ವಿಷಯ. ಈ ಕುರಿತು ಯಾರಿಗೂ ತಕರಾರಿಲ್ಲ. ತಕರಾರು ಇದ್ದವರು ಅದನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕೆಂದು ಪ್ರಕಟಣೆ ಹೊರಟಿತ್ತು. ನಮೂನೆ ಇನ್ನೂ ಅಚ್ಚಾಗಿ ಬಂದಿಲ್ಲವಾದ್ದರಿಂದ ತಕರಾರೂ ಬಂದಿಲ್ಲ. ಆದಕಾರಣ ಹೊನವಾಡದ ಮಹಾನಂದಾಳ ಶೆಡ್ಡಿನಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ನಿವೇದಿಸಲಾಗಿದೆ.

ಶೆಡ್ಡು ಇರುವುದು ಊರ ಹೊರಗೆ, ಅವಳ ದ್ರಾಕ್ಷಿ ಪಡದ ಮಗ್ಗುಲಲ್ಲಿ. ಮೇಲೆ ತಗಡು, ಸುತ್ತ ಹಸಿರು ಜಾಲರಿ ಪರದೆ, ಒಳಗೆ ಒಂದರ ಮೇಲೊಂದು ತಂತಿ ಬಲೆಯ ಅಂತಸ್ತುಗಳು. ಮಾಘದ ಹೊತ್ತಿಗೆ ಹಣ್ಣು ಕೊಯ್ದು ಆ ಬಲೆಗಳ ಮೇಲೆ ಹರವಿದರೆ, ಬಿಸಿಲು ನೇರ ಬೀಳದೆ, ಗಾಳಿ ಮಾತ್ರ ಆಡಿ, ಹಣ್ಣಿನೊಳಗಿನ ನೀರು ಹೇಳದೆ ಕೇಳದೆ ಎದ್ದು ಹೋಗುತ್ತದೆ. ಉಳಿದದ್ದಕ್ಕೆ ಸರಕಾರ ಒಣದ್ರಾಕ್ಷಿ ಎನ್ನುತ್ತದೆ, ಊರವರು ಮನೂಕ ಎನ್ನುತ್ತಾರೆ. ಶೆಡ್ಡು ಎದ್ದದ್ದು ಮಹಿಳಾ ರೈತರ ಸಹಾಯಧನದಲ್ಲಿ. ಹೀಗಾಗಿ ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ಮಹಾನಂದಾಳ ಹೆಸರಿತ್ತು. ಹೊಲ ಅತ್ತೆ ಮುದುಕವ್ವನ ಹೆಸರಿನಲ್ಲಿ, ಟ್ರ್ಯಾಕ್ಟರು ಗಂಡ ಚಂದ್ರಕಾಂತನ ಹೆಸರಿನಲ್ಲಿ, ಹಾಲಿನ ಸೊಸೈಟಿಯಲ್ಲಿ ಎಮ್ಮೆ ಕೂಡ ಅತ್ತೆಯ ಹೆಸರಿನಲ್ಲೇ. ಅವಳ ಹೆಸರು ಬರೆದಿದ್ದ ವಸ್ತು ಅಂತ ಇದ್ದದ್ದು ಆ ಶೆಡ್ಡು ಒಂದೇ. ಧೂಳು ಕೂತಾಗಲೆಲ್ಲ ಅವಳು ಆ ಬೋರ್ಡನ್ನು ಸೆರಗಿನಿಂದ ಒರೆಸುತ್ತಿದ್ದಳು. ಹೆಸರಿನ ಕೆಳಗೆ, ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಈ ಶೆಡ್ಡನ್ನು ಒಣದ್ರಾಕ್ಷಿ ತಯಾರಿಕೆ ಹೊರತು ಅನ್ಯ ಉದ್ದೇಶಕ್ಕೆ ಬಳಸಿದಲ್ಲಿ ಬೀಗಮುದ್ರೆ ಹಾಕಲಾಗುವುದು ಎಂದು ಬರೆದಿತ್ತು. ಅದನ್ನೂ ಅವಳು ಒರೆಸುತ್ತಿದ್ದಳು.

ಚಂದ್ರಕಾಂತ ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಅವನಿಗಿದ್ದ ಒಂದೇ ಚಟ ಮೊಬೈಲಿನಲ್ಲಿ ತಾಂತ್ರಿಕ ವಿಡಿಯೊ ನೋಡುವುದು. ಒಂದು ದಿನ ಅವನಿಗೆ, ಕರಿದು ಬಿಟ್ಟ ಎಣ್ಣೆಯಿಂದ ಮನೆಯಲ್ಲೇ ಟ್ರ್ಯಾಕ್ಟರಿಗೆ ಇಂಧನ ಮಾಡಬಹುದು ಎಂಬ ಜ್ಞಾನ ಪ್ರಾಪ್ತವಾಯಿತು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮಿರ್ಚಿಬಜಿ ಗಾಡಿ ಇಟ್ಟಿದ್ದ ಇಸ್ಮಾಯಿಲನ ಹತ್ತಿರ ಹೋಗಿ, ಬಾಣಲೆಯ ತಳದ ಕರಿ ಎಣ್ಣೆಯನ್ನು ಡಬ್ಬಿ ತುಂಬಿಸಿಕೊಂಡು ಬಂದ. ಸೋಸಿದ, ಕಾಸ್ಟಿಕ್ ಸೋಡಾ ಹಾಕಿದ, ಒಂದು ಬಗೆಯ ಸ್ಪಿರಿಟ್ಟು ಹಾಕಿದ, ಕಲಕಿದ. ಕೆಳಗೆ ಜಿಡ್ಡು ಕೂತು ಮೇಲೆ ಜೇನಿನ ಬಣ್ಣದ ಇಂಧನ ನಿಂತಿತು. ಅದರೊಳಗೆ ಉಳಿದ ಸಾಬೂನಿನ ಅಂಶ ಹೋಗಲು ಅದನ್ನು ನೀರಿನಲ್ಲಿ ತೊಳೆಯಬೇಕೆಂದು ವಿಡಿಯೊ ಹೇಳಿತು. ತೊಳೆದ. ತೊಳೆದ ಮೇಲೆ ನೀರನ್ನು ಪೂರ್ತಿ ತೆಗೆಯಬೇಕೆಂದೂ ಹೇಳಿತು. ಹೇಗೆ ಎಂದು ಹೇಳುವ ಮೊದಲೇ ವಿಡಿಯೊ ಮುಗಿಯಿತು.

ಜೇನಿನ ಬಣ್ಣದ್ದು ಈಗ ಮಜ್ಜಿಗೆಯ ಹಾಗೆ ಮಬ್ಬಾಗಿತ್ತು. ಅದನ್ನೇ ಹಾಕಿ ಚಾಲೂ ಮಾಡಿದಾಗ ಟ್ರ್ಯಾಕ್ಟರು ಕೆಮ್ಮಿ, ಸೀನಿ, ಪಡದ ನಡುವೆ ನಿಂತುಬಿಟ್ಟಿತು. ಚಂದ್ರಕಾಂತ ಉಪ್ಪು ಹಾಕಿ ನೋಡಿದ, ನೀರು ಸ್ವಲ್ಪ ಇಳಿಯಿತು, ಎಲ್ಲ ಇಳಿಯಲಿಲ್ಲ. ಒಲೆಯ ಮೇಲಿಟ್ಟು ಕಾಸಿದ, ಚಟಪಟ ಸಿಡಿದು ಹುಬ್ಬಿನ ಅರ್ಧ ಕೂದಲು ಹೋಯಿತು. ಆಮೇಲೆ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡತೊಡಗಿದ. ಊಟಕ್ಕೆ ಕರೆದರೂ ಏಳಲಿಲ್ಲ.

ಮಹಾನಂದಾಳಿಗೆ ಇಂಧನದ ಮೇಲೆ ಅಂಥ ಪ್ರೀತಿಯೇನಿರಲಿಲ್ಲ. ಗಂಡನ ಮೋರೆ ನೋಡಲಾಗಲಿಲ್ಲ, ಅಷ್ಟೇ. ಅವಳು ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ನೀರು ತೆಗೆಯುವುದು ಅಂದರೆ ಒಂದೇ ದಾರಿ. ನೆರಳಿನಲ್ಲಿ ಹರವು, ಗಾಳಿಗೆ ಬಿಡು, ಮುಟ್ಟಬೇಡ. ಶೆಡ್ಡು ಹೇಗೂ ಮಾಘದವರೆಗೆ ಖಾಲಿ. ಮನೆಯಲ್ಲಿದ್ದ ಪರಾತ, ತಟ್ಟೆ, ಮದುವೆಯಲ್ಲಿ ಬಂದು ಅಟ್ಟ ಸೇರಿದ್ದ ಹರಿವಾಣ ಎಲ್ಲವನ್ನೂ ಬಲೆಗಳ ಮೇಲೆ ಸಾಲಾಗಿಟ್ಟು, ಎಲ್ಲದರಲ್ಲೂ ತೆಳ್ಳಗೆ ಇಂಧನ ಸುರಿದಳು. ಹೊನವಾಡದ ಚಳಿಗಾಲದ ಒಣ ಗಾಳಿ ಎಂಥದೆಂದರೆ ಹಚ್ಚಿದ ಕೊಬ್ಬರಿ ಎಣ್ಣೆ ತುಟಿಯ ಮೇಲೆ ನಿಲ್ಲುವುದಿಲ್ಲ. ಅದು ಪರಾತಗಳ ಮೇಲೆ ಹಗಲೂ ರಾತ್ರಿ ಆಡಿತು. ಮಬ್ಬು ಹೋಗಿ, ಪರಾತದ ತಳದಲ್ಲಿ ಕೊರೆದಿದ್ದ ಉಡುಗೊರೆ ಕೊಟ್ಟವರ ಹೆಸರು ಎಣ್ಣೆಯ ಒಳಗಿಂದ ಸ್ವಚ್ಛವಾಗಿ ಓದಲು ಬಂತು.

ಟ್ರ್ಯಾಕ್ಟರು ಒಂದೇ ಏಟಿಗೆ ಚಾಲೂ ಆಯಿತು. ಅದರ ಹೊಗೆ ಮಿರ್ಚಿಬಜಿಯ ವಾಸನೆ ಬೀರುತ್ತಿತ್ತು. ಹಾಗಾಗಿ ಚಂದ್ರಕಾಂತ ಪಡಕ್ಕೆ ಔಷಧ ಹೊಡೆದುಕೊಂಡು ಹೋದಂತೆಲ್ಲ ಅಕ್ಕಪಕ್ಕದ ಹೊಲದಲ್ಲಿ ಕೆಲಸ ಮಾಡುವವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುತ್ತಿತ್ತು. ಕಟ್ಟೆಯ ಮೇಲೆ ಕೂತ ಮುದುಕವ್ವ ಟ್ರ್ಯಾಕ್ಟರು ಹಾದು ಹೋದಾಗಲೆಲ್ಲ, ಬಜಿ ಯಾರ ಕರದಾರ, ನನಗ್ಯಾಕ ಕೊಡಂಗಿಲ್ಲ ಎಂದು ಸೊಸೆಯನ್ನು ಕೇಳುತ್ತಿದ್ದಳು. ಇದೊಂದು ಬಿಟ್ಟರೆ ಎಲ್ಲವೂ ಸುಖವಾಗಿತ್ತು. ಒಂದು ಸಲದ ಇಂಧನ ತೀರುವ ಮೊದಲೇ ಇನ್ನೊಂದು ಸಲದ್ದು ಪರಾತ ಸೇರುತ್ತಿತ್ತು.

ಆಗ ರಾಜಾರಾಮ ಸಾಹೇಬರು ತಪಾಸಣೆಗೆ ಬಂದರು.

ರಾಜಾರಾಮ ಸಾಹೇಬರು ಒಣದ್ರಾಕ್ಷಿ ಗುಣಮಟ್ಟ ಪಾಲನಾ ಉಪಕಚೇರಿಯ ನಿರೀಕ್ಷಕರು. ಜಲನಗರದಲ್ಲಿ ಮನೆ, ಹಳೆಯ ಸ್ಕೂಟರು, ಲಂಚ ಮುಟ್ಟದ ಕೈ. ಅವರಿಗೆ ದೇವರ ಭಯ ಇರಲಿಲ್ಲ, ಮೇಲಧಿಕಾರಿಗಳ ಭಯ ಇರಲಿಲ್ಲ, ಖಾಲಿ ಕಾಲಮ್ಮಿನ ಭಯ ಮಾತ್ರ ಇತ್ತು. ವರದಿಯಲ್ಲಿ ಒಂದು ಕಾಲಮ್ಮು ಖಾಲಿ ಉಳಿದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ ಎಂದು ಅವರ ಮನೆಯವರೇ ಹೇಳುತ್ತಾರೆ. ಶೆಡ್ಡು ಖಾಲಿ ಇದ್ದರೆ ಖಾಲಿ ಎಂದು ಬರೆದು ಚಹಾ ಕುಡಿದು ಹೋಗುವವರಿದ್ದರು. ಒಳಗೆ ಕಾಲಿಟ್ಟರೆ ಅಂತಸ್ತಿನ ಮೇಲೆ ಅಂತಸ್ತು ಪರಾತಗಳು, ಪರಾತಗಳ ತುಂಬ ಹೊಂಬಣ್ಣ.

ಮಹಾನಂದಾ ಬಾಗಿಲ ಮೇಲಿನ ಬೋರ್ಡಿನತ್ತ ನೋಡಿದಳು. ಪಡದಲ್ಲಿ ಕಾಯಿ ಆಗಲೇ ಹದಕ್ಕೆ ಬರುತ್ತಿತ್ತು. ಈಗ ಬೀಗ ಬಿದ್ದರೆ ಮಾಘದಲ್ಲಿ ಕೊಯ್ದ ಹಣ್ಣನ್ನು ಎಲ್ಲಿ ಹರವುವುದು? ಅದಕ್ಕಿಂತ ಹೆಚ್ಚಾಗಿ, ಬೀಗ ಹಾಕುವವರು ಬೋರ್ಡನ್ನು ಕಿತ್ತುಕೊಂಡು ಹೋಗುತ್ತಾರೆಂದು ಅವಳು ಕೇಳಿದ್ದಳು. ಚಂದ್ರಕಾಂತ ಹೆಮ್ಮೆಯಿಂದ, ಇದು ಇಂಧನ ಎಂದು ಹೇಳಲು ಬಾಯಿ ತೆರೆದ. ಇಂಧ ಎನ್ನುವಷ್ಟರಲ್ಲಿ ಅವಳು ಅವನ ಮುಂದೆ ಬಂದು ನಿಂತಳು.

"ಒಣಗಾಕ ಇಟ್ಟೀವ್ರಿ ಸಾಹೇಬ್ರ," ಎಂದಳು.

ಸಾಹೇಬರು ಒಂದು ಪರಾತದ ಮೇಲೆ ಬಾಗಿ ತಮ್ಮ ಮುಖವನ್ನೇ ನೋಡಿಕೊಂಡರು. "ಇದರಾಗಿನ ನೀರ ಹೋಗೇದೇನ್ರಿ ಅಕ್ಕಾರ?"

"ಹೋಗೈತ್ರಿ."

"ಬಿಸಲಿಗೆ ಇಟ್ಟಿದ್ರೇನು?"

"ಇಲ್ಲರಿ. ನೆರಳಾಗ, ಗಾಳಿಗಿ. ಬಲಿ ಮ್ಯಾಲ."

ಸಾಹೇಬರು ಚೀಲದಿಂದ ನಿಯಮಾವಳಿ ತೆಗೆದು, ನಿಂತೇ ಓದಿದರು. ಒಣದ್ರಾಕ್ಷಿ ಎಂದರೆ, ಅಂಗೀಕೃತ ಶೆಡ್ಡಿನ ಬಲೆಯ ಮೇಲೆ, ನೆರಳು ಹಾಗೂ ಗಾಳಿಯಲ್ಲಿ ನೀರಿನಂಶ ತೆಗೆಯಲಾದ, ರೈತರ ಸ್ವಂತ ಉತ್ಪನ್ನ. ಅವರು ಪುಟ ತಿರುಗಿಸಿದರು, ಮತ್ತೆ ಹಿಂದೆ ಬಂದರು. ನಿಯಮ ರೂಪಿಸಿದ ಸಮಿತಿಯವರು ಒಣದ್ರಾಕ್ಷಿಯನ್ನು ದ್ರಾಕ್ಷಿಯಿಂದ ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಬಗೆದು, ಅದನ್ನು ಬರೆಯುವ ಗೋಜಿಗೆ ಹೋಗಿರಲಿಲ್ಲ.

"ದ್ರಾಕ್ಷಿ ಅನ್ನೂದು ಇದರಾಗ ಎಲ್ಲೂ ಇಲ್ಲ," ಎಂದರು ಸಾಹೇಬರು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಅವರ ಮುಖ ತಿಳಿಯಾಯಿತು. "ಹಂಗಾದ್ರ ಇದು ಮನೂಕನ ಆತಲ್ರಿ ಅಕ್ಕಾರ."

"ಆತ್ರಿ," ಎಂದಳು ಮಹಾನಂದಾ.

ಅಲ್ಲಿಂದ ಮುಂದೆ ಕೆಲಸ ಸರಾಗವಾಗಿ ಸಾಗಿತು. ಬಣ್ಣದ ಕಾಲಮ್ಮಿನಲ್ಲಿ ಹೊಂಬಣ್ಣ ಎಂದು ಬರೆದರು. ಬೀಜ ಇಲ್ಲ, ತೊಟ್ಟು ಇಲ್ಲ, ಕಸಕಡ್ಡಿ ಇಲ್ಲ. ಹಳೆಯ ಸೀರೆಯಲ್ಲಿ ಸೋಸಿದ್ದರಿಂದ ಅದು ಇರುವ ಪ್ರಶ್ನೆಯೂ ಇರಲಿಲ್ಲ. ಕಾಳುಗಳ ಗಾತ್ರದ ಕಾಲಮ್ಮಿಗೆ ಬಂದಾಗ ಸಾಹೇಬರಿಗೆ ಅಳೆಯಲು ಕಾಳೇ ಸಿಗಲಿಲ್ಲ. ಬೆರಳು ಅದ್ದಿ ಅದನ್ನು ಎರಡು ಮಾಡಲು ನೋಡಿದರು. ಬೆರಳು ತೆಗೆದ ಕೂಡಲೇ ಅದು ಕೂಡಿಕೊಂಡಿತು. ಎಲ್ಲ ಪರಾತಗಳನ್ನೂ ಡಬ್ಬಿಗೆ ಸುರಿಯಲು ಹೇಳಿ, ಡಬ್ಬಿಯ ಎತ್ತರ ಅಗಲ ಅಳೆದು, ಕಾಳುಗಳ ಸಂಖ್ಯೆ ಒಂದು, ಗಾತ್ರ ಡಬ್ಬಿಯಷ್ಟು ಎಂದು ಬರೆದರು. ವರದಿಯಲ್ಲಿ ಖಾಲಿ ಜಾಗ ಉಳಿಯಲಿಲ್ಲ. ಸಾಹೇಬರು ಅಂದು ಚಹಾದ ಜೊತೆ ಎರಡು ಖಾರೀ ಬಿಸ್ಕೀಟು ತಿಂದರು.

ಸ್ಕೂಟರಿನ ಸದ್ದು ದೂರವಾದ ಮೇಲೆ ಮಹಾನಂದಾ ಬಾಗಿಲ ಹೊಸ್ತಿಲ ಮೇಲೆ ಕೂತು ನಕ್ಕಳು. ಬಹಳ ಹೊತ್ತು ತಡೆದಿದ್ದ ನಗು ಅದು. ಚಂದ್ರಕಾಂತ ನಗಲಿಲ್ಲ. ತನ್ನ ಇಂಧನಕ್ಕೆ ಅವಮಾನವಾಯಿತೆಂದು ಅವನಿಗೆ ಅನಿಸಿತ್ತು.

ಅವಮಾನ ಇನ್ನೂ ಬಾಕಿ ಇತ್ತು. ಸಾಹೇಬರು ಒಯ್ದ ಮಾದರಿಯನ್ನು ಉಪಕಚೇರಿಯಲ್ಲಿ ಪರೀಕ್ಷಿಸಲಾಗಿ, ಆದೇಶವೊಂದು ಹೊನವಾಡಕ್ಕೆ ಬಂತು. ಅದರ ಒಕ್ಕಣೆ ಹೀಗಿತ್ತು: "ತಾವು ತಯಾರಿಸಿದ ಒಣದ್ರಾಕ್ಷಿಯ ಬಣ್ಣ, ಶುಭ್ರತೆ ಹಾಗೂ ಗಾತ್ರ ಶ್ಲಾಘನೀಯವಾಗಿರುತ್ತದೆ. ಆದರೆ ತೇವಾಂಶವು ಶೂನ್ಯ ಕಂಡುಬಂದಿರುತ್ತದೆ. ಉತ್ತಮ ಒಣದ್ರಾಕ್ಷಿಯಲ್ಲಿ ಶೇಕಡಾ ಹದಿನೈದರಷ್ಟು ನೀರು ಇರತಕ್ಕದ್ದು. ಅತಿಯಾಗಿ ಒಣಗಿಸಿ ಗ್ರಾಹಕರ ಹಲ್ಲಿಗೆ ಹಾನಿ ಮಾಡುವ ಪ್ರವೃತ್ತಿಯನ್ನು ಕಚೇರಿಯು ಗಂಭೀರವಾಗಿ ಪರಿಗಣಿಸಿರುತ್ತದೆ. ಕೊರತೆ ಬಿದ್ದ ನೀರನ್ನು ಕೂಡಲೇ ಭರ್ತಿ ಮಾಡತಕ್ಕದ್ದು. ತಪ್ಪಿದಲ್ಲಿ ಶೆಡ್ಡಿಗೆ ಬೀಗಮುದ್ರೆ ಹಾಕಲಾಗುವುದು."

ಚಂದ್ರಕಾಂತ ಅದನ್ನು ಓದಿ, ಮಡಿಸಿ, ಮತ್ತೆ ಬಿಡಿಸಿ ಓದಿದ. "ನೀರ ತಗ್ಯಾಕ ಹುಬ್ಬ ಸುಟಗೊಂಡೇನಿ," ಎಂದ. "ಈಗ ನಾನಽ ಹಾಕಬೇಕೇನ?"

"ನೀವ ಹಾಕಬ್ಯಾಡ್ರಿ, ನಿಮಗ ಆಗೂದಿಲ್ಲ," ಎಂದಳು ಮಹಾನಂದಾ. "ನಾ ಹಾಕತೇನಿ. ನೀವ ಅತ್ತಾಗ ಹೋಗ್ರಿ."

ಅವಳಿಗೂ ಕೆಡುಕೆನಿಸಿತು. ಗಂಡನ ಕೆಲಸವನ್ನು ಕೆಡಿಸುವುದು ಯಾವ ಹೆಂಡತಿಗೂ ಅಷ್ಟು ಹಗುರಲ್ಲ, ಅದರಲ್ಲೂ ಆ ಕೆಲಸವನ್ನು ಮಾಡಿ ಮುಗಿಸಿದವಳು ತಾನೇ ಆಗಿದ್ದಾಗ. ಆದರೆ ಬೋರ್ಡು ಕಣ್ಣೆದುರಿಗೆ ಇತ್ತು. ಕೊಡದಿಂದ ಅಳೆದು ನೀರು ಹೊಯ್ದಳು. ನೀರು ನೇರ ತಳಕ್ಕೆ ಹೋಗಿ ಕೂತುಬಿಟ್ಟಿತು. ಆದೇಶವಾಗಿದ್ದರೂ ಅದು ಎಣ್ಣೆಯಲ್ಲಿ ಬೆರೆಯಲೊಲ್ಲದು. ಸಾಹೇಬರು ಮರುಪರೀಕ್ಷೆಗೆ ಮೀಟರು ಹಿಡಿದು ಬಂದ ದಿನ ಅವಳು ಮಜ್ಜಿಗೆಯ ಕಡಗೋಲು ತಂದು, ಡಬ್ಬಿಯ ನಡುವೆ ಇಟ್ಟು, ಹಗ್ಗ ಹಾಕಿ ಕಡೆಯತೊಡಗಿದಳು. ಮುದುಕವ್ವ ಒಳಗಿಂದಲೇ, ಬೆಣ್ಣಿ ಬಂತೇನ ಎಂದು ಕೇಳಿದಳು. ಹೊಂಬಣ್ಣ ಮಬ್ಬಾಯಿತು, ಮಬ್ಬು ಬಿಳಿಯಾಯಿತು. ಸಾಹೇಬರು ಮೀಟರಿನ ಕಡ್ಡಿ ಅದ್ದಿದರು.

"ಲಗೂನ ಬರ್ಕೋರಿ ಸಾಹೇಬ್ರ, ಒಡೀತೈತಿ," ಎಂದಳು ಮಹಾನಂದಾ, ಹಗ್ಗ ಬಿಡದೆ.

ಸಾಹೇಬರು ಲಗುಬಗೆಯಿಂದ ಶೇಕಡಾ ಹದಿನೈದು ಎಂದು ಬರೆದುಕೊಂಡು ರುಜು ಹಾಕಿದರು. ಆ ರುಜುವಿನ ಶಾಯಿ ಆರುವ ಮೊದಲೇ ನೀರು ತಳ ಸೇರಿತ್ತು. ಅದನ್ನು ಸಾಹೇಬರೂ ನೋಡಿದರು. ಒಣದ್ರಾಕ್ಷಿ ತಣ್ಣಗಿದ್ದಾಗ ಹಾಗಾಗುವುದುಂಟು ಎಂದು ಅವರು ಅಭಿಪ್ರಾಯಪಟ್ಟರು. ಡಬ್ಬಿಯ ಬಾಯಿಗೆ ಅರಗು ಬಡಿದು, ನಿಯಮದಂತೆ ಶೀತಲಗೃಹಕ್ಕೆ ಸಾಗಿಸಲಾಯಿತು. ಶೀತಲಗೃಹದ ಮಾಲೀಕರು ಡಬ್ಬಿಯ ವಾಸನೆ ನೋಡಿ, ಬಾಡಿಗೆ ಬರುವುದಾದರೆ ಇದು ಖಂಡಿತ ಒಣದ್ರಾಕ್ಷಿಯೇ ಎಂದು ಒಪ್ಪಿದರು. ಟ್ರ್ಯಾಕ್ಟರಿನಲ್ಲಿ ಉಳಿದಿದ್ದ ಇಂಧನ ಮುಗಿದು ಅದು ಬೇವಿನ ಮರದ ಕೆಳಗೆ ನಿಂತಿತು. ಚಂದ್ರಕಾಂತ ಪಂಪಿಗೆ ಹೋಗಿ ಎಲ್ಲರ ಹಾಗೆ ಡೀಸೆಲ್ ಹಾಕಿಸಿಕೊಂಡು ಬಂದ.

ಅದೇ ಹೊತ್ತಿಗೆ ಬಬಲೇಶ್ವರದಲ್ಲಿ ಒಣದ್ರಾಕ್ಷಿ ಪ್ರದರ್ಶನ ನಡೆಯಿತು. ಅತಿ ದೊಡ್ಡ ಕಾಳಿಗೆ ಬಹುಮಾನ ಕೊಡುವ ಪದ್ಧತಿ ಅಲ್ಲಿ ಮೊದಲಿನಿಂದ ಇದೆ. ಉಳಿದ ರೈತರು ತಮ್ಮ ಕಾಳುಗಳನ್ನು ಹೆಬ್ಬೆರಳಿನ ಉಗುರಿನ ಪಕ್ಕ ಇಟ್ಟು ತೋರಿಸುತ್ತಿದ್ದರು. ಮಹಾನಂದಾಳ ಕಾಳನ್ನು ಇಬ್ಬರು ಹಮಾಲರು ಹೊತ್ತು ತಂದರು. ತೀರ್ಪುಗಾರರು ಉಪಕಚೇರಿಯ ವರದಿ ನೋಡಿದರು, ಡಬ್ಬಿ ನೋಡಿದರು, ಸಂಖ್ಯೆ ಒಂದು ಎಂದಿದ್ದನ್ನು ಪರಸ್ಪರ ತೋರಿಸಿದರು. ಚರ್ಚೆಗೆ ಆಸ್ಪದವೇ ಇರಲಿಲ್ಲ. ಮುಖ್ಯ ಅತಿಥಿಗಳು ಮುಚ್ಚಳ ತೆಗೆಸಿ ಆಘ್ರಾಣಿಸಿ, ನಮ್ಮ ಭಾಗದ ಮಣ್ಣಿನ ಗುಣ ಇದರಲ್ಲಿ ಎದ್ದು ಕಾಣುತ್ತದೆ ಎಂದು ನುಡಿದರು. ಅನಂತರ ತಮಗೆ ಹಸಿವಾಗಿದೆ ಎಂದರು. ಕಾರ್ಯಕ್ರಮವನ್ನು ಅಲ್ಲಿಗೇ ನಿಲ್ಲಿಸಿ ಮಿರ್ಚಿಬಜಿ ತರಿಸಲಾಯಿತು.

ಶಾಲು ಹೊದಿಸಿಕೊಂಡು ವೇದಿಕೆಯ ಮೇಲೆ ನಿಂತಾಗ ಮಹಾನಂದಾಳಿಗೆ ಮುಖ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಧ್ವನಿವರ್ಧಕದಲ್ಲಿ ತನ್ನ ಹೆಸರು ಕೇಳಿದಾಗ ಮಾತ್ರ ಅವಳಿಗೆ ಸಂತೋಷವಾದದ್ದು ಸುಳ್ಳಲ್ಲ. ಪ್ರಶಸ್ತಿಪತ್ರದಲ್ಲಿ ಎರಡನೆಯ ಬಾರಿ ಅವಳ ಹೆಸರನ್ನು ಯಾರೋ ಬರೆದಿದ್ದರು, ಈ ಸಲ ದಪ್ಪ ಅಕ್ಷರದಲ್ಲಿ, ಕೆಳಗೆ ಷರತ್ತು ಇರಲಿಲ್ಲ. ಚಂದ್ರಕಾಂತ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಅವನ ಪಕ್ಕದಲ್ಲಿದ್ದವರು, ಮನೂಕಕ್ಕ ಯಾವ ಗೊಬ್ಬರ ಹಾಕತೀರಿ ಎಂದು ಕೇಳಿದರೆ, ಕಾಸ್ಟಿಕ್ ಸೋಡಾ ಎಂದು ನಿಜವನ್ನೇ ಹೇಳಿದ. ಅವರು ಅದನ್ನು ಕೈಯ ಮೇಲೆ ಬರೆದುಕೊಂಡರು.

ಇದರ ಪರಿಣಾಮ ಸುತ್ತ ಎಲ್ಲ ಕಡೆ ಆಯಿತು. ಶೆಡ್ಡು ಇದ್ದವರೆಲ್ಲ ಪರಾತ ಕೊಳ್ಳತೊಡಗಿದರು. ಕರಿದ ಎಣ್ಣೆಗೆ ಹಸಿ ಎಣ್ಣೆಗಿಂತ ಹೆಚ್ಚಿನ ದರ ಬಂತು. ಇಸ್ಮಾಯಿಲ ಮೊದಲು ಬಜಿ ಮಾರಲು ಎಣ್ಣೆ ಕಾಸುತ್ತಿದ್ದವನು, ಈಗ ಎಣ್ಣೆ ಮಾರಲು ಬಜಿ ಕರಿಯತೊಡಗಿದ. ತಿನ್ನುವವರು ಸಾಲದೆ ಬಂದಾಗ ರಸ್ತೆಯಲ್ಲಿ ಹೋಗುವವರನ್ನು ಕರೆದು ಪುಕ್ಕಟೆ ಕೊಟ್ಟ. ಹೊನವಾಡದ ಒಬ್ಬ ಗಿರಾಕಿಗೆ ಕೊಡಲು ಮಾತ್ರ ಅವನಲ್ಲಿ ಎಣ್ಣೆ ಉಳಿಯಲಿಲ್ಲ. ಚಂದ್ರಕಾಂತ ಖಾಲಿ ಡಬ್ಬಿ ಹಿಡಿದು ವಾಪಸು ಬಂದ. ಬಬಲೇಶ್ವರದ ಕಡೆಯ ದೊಡ್ಡ ರೈತರೊಬ್ಬರು ತಮ್ಮ ಕಾಳನ್ನು ಟ್ಯಾಂಕರಿನಲ್ಲಿ ಇಟ್ಟಿದ್ದಾರೆಂದೂ ಬರುವ ವರ್ಷದ ಬಹುಮಾನ ಅವರಿಗೇ ಎಂದೂ ಸುದ್ದಿ ಹಬ್ಬಿತು.

ಮಾಘ ಬಂತು. ಮಹಾನಂದಾ ಪಡದ ಹಣ್ಣು ಕೊಯಿಸಿ, ತೊಳೆಸಿ, ಬಲೆಗಳ ಮೇಲೆ ಕೈಯಾರೆ ಹರವಿದಳು. ಆ ವರ್ಷದ ಹಣ್ಣು ಬಹಳ ಚಲೋ ಇತ್ತು. ಸಕ್ಕರೆ ಒಳಗೇ ಗಟ್ಟಿಯಾಗಿ, ಸಿಪ್ಪೆ ತೆಳ್ಳಗೆ ಸುಕ್ಕುಗಟ್ಟಿ, ಹಸಿರು ಹಳದಿಗೆ ತಿರುಗುವ ಹದದಲ್ಲಿ ಮನೂಕ ಇಳಿಯಿತು. ಒಂದು ಕಾಳು ಬಾಯಿಗೆ ಹಾಕಿಕೊಂಡು ಅವಳು ಕಣ್ಣು ಮುಚ್ಚಿದಳು. ಡಬ್ಬಿ, ಕಡಗೋಲು, ಶಾಲು ಎಲ್ಲ ಮರೆತುಹೋಯಿತು.

ರಾಜಾರಾಮ ಸಾಹೇಬರು ಬಂದಾಗ ಅವರ ಕೈಯಲ್ಲಿ ಸಣ್ಣದೊಂದು ಬಾಟಲಿ ಇತ್ತು. ಬಹುಮಾನ ಪಡೆದ ಮಾಲನ್ನು ಆಯಾ ವರ್ಷದ ಪ್ರಮಾಣ ಮಾದರಿಯೆಂದು ಗೊತ್ತುಪಡಿಸುವುದು ಉಪಕಚೇರಿಯ ಕ್ರಮ. ಇನ್ನು ಮೇಲೆ ತಾಲೂಕಿನ ಎಲ್ಲ ಒಣದ್ರಾಕ್ಷಿಯನ್ನೂ ಬಾಟಲಿಯಲ್ಲಿರುವುದಕ್ಕೆ ಹೋಲಿಸಿ ನೋಡತಕ್ಕದ್ದು. ಸಾಹೇಬರು ಬಾಟಲಿಯನ್ನು ಎಡಗೈಯಲ್ಲಿ, ಒಂದು ಹಿಡಿ ಮನೂಕವನ್ನು ಬಲಗೈಯಲ್ಲಿ ಹಿಡಿದರು. ಬಾಟಲಿ ಓರೆ ಮಾಡಿದಾಗ ಅದು ಹರಿಯಿತು. ಬಲಗೈ ಓರೆ ಮಾಡಿದಾಗ ಕಾಳುಗಳು ನೆಲಕ್ಕೆ ಬಿದ್ದವು. ಸಾಹೇಬರು ಬಗ್ಗಿ ಒಂದೊಂದೇ ಆರಿಸಿ, ಊದಿ, ಮತ್ತೆ ತಟ್ಟೆಗೆ ಹಾಕಿದರು.

"ಅಕ್ಕಾರ, ನಿಮ್ಮ ಮ್ಯಾಲ ನನಗ ಭಾಳ ಗೌರವ ಅದ," ಎಂದರು. "ಆದ್ರ ಇದು ಹರಿಯೂದಿಲ್ಲ. ಒಂದ ಇಲ್ಲ, ಸಾವಿರಾರ ಆಗ್ಯಾವ. ವಾಸನಿ ಬಜೀದಿಲ್ಲ. ಮನೂಕ ಅಂತ ಹೆಂಗ ಬರೀಲಿ?"

ಮಹಾನಂದಾಳಿಗೆ ನಗು ಬರಲಿಲ್ಲ. ಮೊದಲ ಸಲ ಅವಳು ತನ್ನ ಶೆಡ್ಡಿನಲ್ಲಿ ಸುಳ್ಳು ಮಾಲು ಇಟ್ಟಿದ್ದಳು, ಅಂಜಿದ್ದಳು. ಈ ಸಲ ಇಟ್ಟದ್ದು ಅವಳು ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದು. ಅದಕ್ಕೆ ಅಂಜಬೇಕಾಗಿ ಬಂದದ್ದಕ್ಕೆ ಅವಳಿಗೆ ಅಳುವೇ ಬಂತು. ಅಳಲಿಲ್ಲ. ಅಳುವುದಕ್ಕೆ ವರದಿಯಲ್ಲಿ ಕಾಲಮ್ಮು ಇರಲಿಲ್ಲ.

"ಶೆಡ್ಡ ಮುಚ್ಚತೀರೇನ್ರಿ?" ಎಂದು ಕೇಳಿದಳು.

ಸಾಹೇಬರು ನಿಜಕ್ಕೂ ನೊಂದುಕೊಂಡು ನಿಯಮಾವಳಿ ತೆಗೆದರು. ಬಹಳ ಹೊತ್ತು ಓದಿದರು. ಶೆಡ್ಡಿನಲ್ಲಿ ಒಣಗಿದ್ದರಿಂದ ಇದು ಒಣದ್ರಾಕ್ಷಿ ಹೌದು. ಮಾದರಿಗೆ ಹೊಂದದ್ದರಿಂದ ಕಳಪೆ. ಕಳಪೆ ಮಾಲನ್ನು ಮನುಷ್ಯರ ಆಹಾರವಾಗಿ ಮಾರಕೂಡದು, ಇಂಧನವೆಂದು ಮಾತ್ರ ವಿಲೇವಾರಿ ಮಾಡಬಹುದು ಎಂದು ಕೊನೆಯ ಪುಟದಲ್ಲಿತ್ತು. ಹಾಗೆ ವಿಲೇವಾರಿ ಮಾಡಿದವರ ಶೆಡ್ಡಿಗೆ ಬಾಧಕವಿಲ್ಲ. ಆದರೆ ಮನೆಯಲ್ಲಿ ತಯಾರಿಸಿದ ಯಾವುದೇ ಇಂಧನದಲ್ಲಿ ನೀರು ಇರಕೂಡದು. ನೀರು ತೆಗೆದಿರುವ ಬಗ್ಗೆ ದೃಢೀಕರಣ ಬೇಕು.

ಇಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ ಚಂದ್ರಕಾಂತ, ಇಂಧನ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಮುಂದೆ ಬಂದ. ಇಂಧನದ ನೀರು ಅಳೆಯುವ ಮೀಟರು ತಮ್ಮಲ್ಲಿ ಉಂಟೇ ಎಂದು ಸಾಹೇಬರನ್ನು ವಿನಯದಿಂದ ಕೇಳಿದ. ಇಲ್ಲ, ಒಣದ್ರಾಕ್ಷಿಯ ಮೀಟರು ಮಾತ್ರ ಇದೆ, ಇಂಧನದ್ದಕ್ಕೆ ಬೇಡಿಕೆ ಕಳಿಸಿದೆ, ಬರುವವರೆಗೆ ತಯಾರಕರ ಮಾತನ್ನೇ ಪ್ರಮಾಣವೆಂದು ತಿಳಿಯಲು ಸೂಚನೆ ಇದೆ ಎಂದರು ಸಾಹೇಬರು. ಅವರು ಪೆನ್ನು ತೆರೆದು ಮಹಾನಂದಾಳ ಕಡೆ ತಿರುಗಿದರು.

"ಇದರಾಗಿನ ನೀರ ತಗದೀರೇನ್ರಿ ಅಕ್ಕಾರ?"

ಮಹಾನಂದಾ ಬಲೆಗಳ ಮೇಲಿನ ಮನೂಕವನ್ನು ನೋಡಿದಳು. "ತಗದೇನ್ರಿ," ಎಂದಳು. "ನಾವು ಹುಟ್ಟಿದಾಗಿಂದ ಅದನ್ನಽ ಮಾಡಕೋತ ಬಂದೀವ್ರಿ."

ಉಪಕಚೇರಿಯ ಇತಿಹಾಸದಲ್ಲಿ ದಾಖಲಾದ ಅಪ್ಪಟ ನಿಜ ಅದೊಂದೇ ಎಂದು ತಿಳಿದವರು ಹೇಳುತ್ತಾರೆ. ಸಾಹೇಬರು ಅದನ್ನು ಬರೆದುಕೊಂಡರು. ವಸ್ತು: ಇಂಧನ. ಸ್ವರೂಪ: ಘನ. ನೀರು: ತೆಗೆಯಲಾಗಿದೆ. ಶೆಡ್ಡು ಉಳಿಯಿತು, ಬೋರ್ಡು ಉಳಿಯಿತು. ಮಹಾನಂದಾ ಒಳಗೆ ಹೋಗಿ ಚಹಾ ತಂದಳು, ಜೊತೆಗೆ ಒಂದು ತಟ್ಟೆ.

"ತುಸು ಇಂಧನ ತಗೋರಿ ಸಾಹೇಬ್ರ," ಎಂದಳು.

ಸಾಹೇಬರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದರು. ಬಹಳ ಚಲೋ ಒಣಗಿದೆ ಎಂದರು. ಜಲನಗರದ ಮನೆಯಲ್ಲಿ ಮಕ್ಕಳು ಇಂಧನವನ್ನು ಇಷ್ಟಪಡುತ್ತಾರೆಂದೂ ತಿಳಿಸಿದರು. ಮಹಾನಂದಾ ಒಂದು ಪೊಟ್ಟಣ ಕಟ್ಟಿದರೆ ಅದನ್ನು ಅವರು ಮುಟ್ಟಲಿಲ್ಲ, ದರ ಕೊಟ್ಟೇ ಒಯ್ದರು.

ಊರು ಇದಕ್ಕೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವ್ಯಾಪಾರಿಗಳು ಎಂದಿನಂತೆ ಬಂದು, ಎಂದಿನಂತೆ ಕಾಳು ಹಿಸುಕಿ ನೋಡಿ, ಎಂದಿನ ದರಕ್ಕೇ ಇಂಧನವೆಂದು ತೂಗಿಸಿಕೊಂಡು ಹೋದರು. ಟಿಕೋಟಾದ ಮದುವೆಯೊಂದರಲ್ಲಿ ಅಡಿಗೆಯವರು ಶ್ಯಾವಿಗೆ ಪಾಯಸಕ್ಕೆ ಇಂಧನ ಸಾಲದೆಂದು ಕೂಗಿದಾಗ, ಒಬ್ಬರೂ ಕಟ್ಟಿಗೆ ತರಲಿಲ್ಲ. ಬಾಣಂತಿಯರಿಗೆ ದಿನಾಲು ಸ್ವಲ್ಪ ಇಂಧನ ಕೊಡುವುದು ಒಳ್ಳೆಯದೆಂದು ಮುದುಕವ್ವ ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. ಶೀತಲಗೃಹದಲ್ಲಿದ್ದ ಬಹುಮಾನದ ಡಬ್ಬಿಯೂ ಹರಾಜಾಗಿ ಪೇಟೆ ಸೇರಿತು. ಆದರೆ ಅದನ್ನು ತಿನ್ನಲು ಯಾರೂ ಕೊಳ್ಳಲಿಲ್ಲ. ಅತಿ ಉತ್ತಮ ದರ್ಜೆಯ ಮಾಲು ಸಾಮಾನ್ಯರಿಗೆ ಸೇರುವುದಿಲ್ಲವೆಂದು ಜನ ಅದನ್ನು ಅರ್ಥ ಮಾಡಿಕೊಂಡರು.

ಚಂದ್ರಕಾಂತನ ಮೋರೆ ಮಾತ್ರ ಅರಳಿರಲಿಲ್ಲ. ಮಳೆಗಾಲ ಶುರುವಾಗಿ ಪಡಕ್ಕೆ ಮತ್ತೆ ಔಷಧ ಹೊಡೆಯುವ ಕಾಲ ಬಂದಿತ್ತು. ಎಣ್ಣೆ ಸಿಗದೆ, ಕೈಯಲ್ಲಿದ್ದ ವಿದ್ಯೆ ಉಪಯೋಗಕ್ಕೆ ಬಾರದೆ, ಅವನು ಬೇವಿನ ಕೆಳಗೆ ಟ್ರ್ಯಾಕ್ಟರನ್ನು ಬಟ್ಟೆಯಿಂದ ಒರೆಸುತ್ತ ಕೂರುತ್ತಿದ್ದ. ಮಹಾನಂದಾ ಅದನ್ನು ಬಹಳ ದಿನ ನೋಡಿದಳು. ಒಂದು ಮುಂಜಾನೆ ಅವನಿಗೆ ಏನೂ ಹೇಳದೆ, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ವಿಜಯಪುರಕ್ಕೆ ಹೋದಳು. ಸೊಲ್ಲಾಪುರ ರಸ್ತೆಯ ಆಫ್ತಾಬನ ಕಿರಾಣಿ ಅಂಗಡಿಯ ಮುಂದೆ ನಿಂತು, ಒಂದನೆಯ ದರ್ಜೆಯ ಮನೂಕ ಬೇಕು ಎಂದಳು.

ಆಫ್ತಾಬ ತಕ್ಕಡಿ ಮುಟ್ಟಲಿಲ್ಲ. "ಕ್ಯಾನ್ ತಂದೀರೇನ್ರಿ?" ಎಂದು ಕೇಳಿದ.

ಮಹಾನಂದಾ ಚೀಲದಿಂದ ಕ್ಯಾನು ತೆಗೆದು ಕೊಟ್ಟಳು.

ಮನೆಗೆ ಬಂದು ಮುಚ್ಚಳ ತೆಗೆದಾಗ ಬಜಿಯ ವಾಸನೆ ಬಂತು. ಚಂದ್ರಕಾಂತ ಓಡಿ ಬಂದು, ಒಂದು ಗ್ಲಾಸಿಗೆ ಬಗ್ಗಿಸಿಕೊಂಡು ಬೆಳಕಿಗೆ ಹಿಡಿದ. ತನ್ನ ಕೈಯ ಮಾಲು ಅವನಿಗೆ ಗುರುತು ಸಿಕ್ಕಿತು. ಬಸ್ಸಿನಲ್ಲಿ ಕುಲುಕಿ ಕುಲುಕಿ ಅದು ಮಜ್ಜಿಗೆಯ ಹಾಗಾಗಿತ್ತು.

"ಇದರಾಗ ನೀರ ಐತಲ್ಲ," ಎಂದ.

"ಇರಬೇಕ್ರಿ. ಕಾಯ್ದೆ ಐತಿ," ಎಂದಳು ಮಹಾನಂದಾ. "ಪರಾತ ತರ್ರಿ."

ಇಬ್ಬರೂ ಸೇರಿ ಶೆಡ್ಡಿನ ಬಲೆಗಳ ಮೇಲೆ ಪರಾತಗಳನ್ನು ಸಾಲಾಗಿಟ್ಟು ತೆಳ್ಳಗೆ ಸುರಿದರು. ಮಳೆ ಬಿಡುವು ಕೊಟ್ಟಿತ್ತು, ಗಾಳಿ ಚೆನ್ನಾಗಿ ಆಡುತ್ತಿತ್ತು. ಅಷ್ಟರಲ್ಲಿ ಊರ ಕಡೆಯಿಂದ ಹಳೆಯ ಸ್ಕೂಟರಿನ ಸದ್ದು ಕೇಳಿಸಿತು. ಯಾರೂ ಏನನ್ನೂ ಮುಚ್ಚಲಿಲ್ಲ. ಮಹಾನಂದಾ ಸೆರಗಿನಿಂದ ಬೋರ್ಡು ಒರೆಸಿ, ಚಹಾಕ್ಕೆ ನೀರಿಟ್ಟು, ತಟ್ಟೆಯಲ್ಲಿ ಒಂದು ಹಿಡಿ ಇಂಧನ ತೆಗೆದಿಟ್ಟಳು.